ಪಿನ್‌ಕೋಡ್ ನಂಬರಿನ ಜಾತಕ ಬರೆಯೋದು ಹೇಗೆ

ಕಾರವಾರದಿಂದ ಭಟ್ಕಳ ಬಸ್ಸಲ್ಲಿ ಅಣ್ಣನ ಮಗಳು ಕೇಳಿದ್ಲು, ಚಿಕ್ಕಪ್ಪಾ ದೊಡ್ಡ ನಂಬರ್ ಕೊಟ್ರೆ ಅದು ಎಂಥದ್ದು ಅಂತ ಕಂಡುಹಿಡಿಯೋದು ಹೇಗೆ ಅಂತ. ಸರಿ, ಕಾರವಾರದ್ದೇ ಪಿನ್‌ಕೋಡ್ ತಗೊಂಡ್ವಿ, 581301.

ಮೊದ್ಲು ಅಂಕಿ ಕೂಡಿಸ್ಬೇಕು. 18 ಬಂತು, ಅಂದ್ರೆ 9ರಲ್ಲಿ ನಿಶ್ಶೇಷ ಹೋಗ್ತದೆ, ಭಾಗಿಸಿದ್ರೆ 64589. ಇದು ಪ್ರೈಮೇ (1 ಮತ್ತು ತನ್ನನ್ನ ಬಿಟ್ಟು ಬೇರೆ ಯಾವ್ದರಲ್ಲೂ ಹೋಗದ್ದು) ಇರ್ಬೇಕು ಅಂತ ನಾನು ಪೆನ್ನು ಮುಚ್ಚಿಬಿಟ್ಟಿದ್ದೆ, ಅವ್ಳು 7 ನೋಡೇ ಇಲ್ವಲ ಅಂದ್ಲು. ಮರ್ಯಾದೆ ಹೋಯ್ತು ಮಾರಾಯ್ರೆ.

7ಕ್ಕೆ ಒಂದು ಉಪಾಯ ಉಂಟು. ಕೊನೆ ಮೂರಂಕಿ ಬೇರೆ ಮಾಡಿ ಉಳಿದದ್ದನ್ನ ಅದರಿಂದ ಕಳೀರಿ, 589 − 64 = 525, ಇದು 7ರಲ್ಲಿ ಹೋಗ್ತದೆ, ಹಾಗಾದ್ರೆ 64589 ಕೂಡ ಹೋಗ್ತದೆ. 7×11×13 ಅಂದ್ರೆ 1001 ಆಗೋದ್ರಿಂದ ಇದು ನಡೀತದೆ, ಒಂದೇ ಕಳೆಯುವ ಲೆಕ್ಕದಲ್ಲಿ 11, 13 ಕೂಡ ನೋಡಿದ ಹಾಗಾಯ್ತು (525 ಎರಡರಲ್ಲೂ ಹೋಗೋದಿಲ್ಲ).

64589ನ್ನ 7ರಿಂದ ಭಾಗಿಸಿದ್ರೆ 9227. ವರ್ಗಮೂಲ 96ರ ಚೂರು ಮೇಲೆ, ಹಾಗಾಗಿ 89ರ ತನಕದ ಪ್ರೈಮ್ ನೋಡಿದ್ರೆ ಸಾಕು. 7 ಇನ್ನೊಮ್ಮೆ ನೋಡಿ 17ರಿಂದ ಶುರು ಮಾಡಿದ್ವಿ, 41ರಲ್ಲಿ ಬರೀ 2 ಉಳಿದು ಆಸೆ ಹುಟ್ಟಿಸ್ತು, ಅಷ್ಟೇ, ಕುಮಟಾ ದಾಟುವಾಗ 89 ಮುಗೀತು, ಯಾವ್ದೂ ಹೋಗ್ಲಿಲ್ಲ. ಪ್ರೈಮ್. ಅಂದ್ರೆ 581301 = 3²×7×9227.

ಇದಾದ್ಮೇಲೆ ಎಲ್ಲ ಸಲೀಸು. ಘಾತಕ್ಕೆಲ್ಲ ಒಂದೊಂದು ಕೂಡಿಸಿ ಗುಣಿಸಿದ್ರೆ 3×2×2, ಒಟ್ಟು 12 ಭಾಜಕ. ಅವುಗಳ ಮೊತ್ತ ಬೇಕಾದ್ರೆ (1+3+9)×(1+7)×(1+9227) = 959712. ಅದ್ರಲ್ಲಿ ನಂಬರನ್ನೇ ಕಳೆದ್ರೆ 378411, ಮೂಲಕ್ಕಿಂತ ಕಮ್ಮಿ, ಹಾಗಾಗಿ ಕಾರವಾರ ಡೆಫಿಶಿಯಂಟ್ ನಂಬರ್, ಕೊರತೆಯದ್ದು.

ಮುರ್ಡೇಶ್ವರ 581350 ನೋಡಿ, ಅದು ಬೇರೆಯೇ. ಇಲ್ಲಿ ಕೊನೆ ಮೂರಂಕಿ ಚಿಕ್ಕದು, ಹಾಗಾಗಿ ತಿರುಗಿಸಿ ಕಳೆದ್ರೂ ನಡೀತದೆ, 581 − 350 = 231, 7ರಲ್ಲೂ 11ರಲ್ಲೂ ಹೋಗ್ತದೆ. ಪೂರ್ತಿ ಒಡೆದ್ರೆ 2×5²×7×11×151, ಭಾಜಕ 48, ತನ್ನನ್ನ ಬಿಟ್ಟು ಮೊತ್ತ 775706! ಮೂಲಕ್ಕಿಂತ ಜಾಸ್ತಿ, ಅಬಂಡಂಟ್. ಸರಿಸಮ ಬಂದ್ರೆ ಪರ್ಫೆಕ್ಟ್ ನಂಬರ್, ಆದ್ರೆ 8128 ಆದ್ಮೇಲೆ ಸಿಗೋದು 33550336, ಆರಂಕಿಯದ್ದು ಒಂದೂ ಇಲ್ಲ, ಪಿನ್‌ಕೋಡಲ್ಲಿ ಹುಡುಕಿ ಟೈಮ್ ಹಾಳು ಮಾಡ್ಬೇಡಿ.

ಇನ್ನೊಂದು, ಅಂಕಿಗಳ ಮೊತ್ತದಿಂದಲೇ ನಂಬರ್ ಭಾಗ ಹೋದ್ರೆ ಅದು ಹರ್ಷದ ಸಂಖ್ಯೆ. ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮೇಷ್ಟ್ರು ಡಿ.ಆರ್. ಕಾಪ್ರೇಕರ್ ಇಟ್ಟ ಹೆಸರು. ಮುರ್ಡೇಶ್ವರದ್ದು ಮೊತ್ತ 22, 22×26425 ಕರೆಕ್ಟಾಗಿ 581350. ಕಾರವಾರದ್ದು 18, ಸಮಸಂಖ್ಯೆ, ಬೆಸ ನಂಬರನ್ನ ಅದು ಭಾಗಿಸೋದೇ ಇಲ್ಲ. ನಮ್ಮ ಶಿರಸಿ 581401ರ ಮೊತ್ತ 19, 19×30600 ಮಾಡಿದ್ರೆ 581400 ಬರ್ತದೆ. ಒಂದೇ ಒಂದರಲ್ಲಿ ತಪ್ಪೋಯ್ತು.