“ಏನಾರ ಬೇಕಾದ್ರ ಹೇಳ್ರಿ” ಎಂದವರಿಗೆ ನಾನು ಹೇಳಿದ್ದು

ಮಗನಿಗೆ ಆಟಿಸಂ (ಮಾತು, ಒಡನಾಟಗಳ ಬೆಳವಣಿಗೆ ಬೇರೆ ರೀತಿ ಇರುವ ಸ್ಥಿತಿ) ಇದೆ ಎಂದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತಿಳಿಸಿದ ಮೇಲೆ ಗದಗ-ಬೆಟಗೇರಿಯಲ್ಲಿರುವ ನಮ್ಮ ಬಳಗದವರೆಲ್ಲ ಮನೆಗೆ ಬಂದು ಹೋದರು. ಹೊರಡುವಾಗ ಹೆಚ್ಚಿನವರು ಆಡಿದ ಮಾತು ಒಂದೇ: “ಏನಾರ ಬೇಕಾದ್ರ ಹೇಳ್ರಿ.” ಅದು ಬಾಯಿಮಾತಲ್ಲವೆಂದು ನನಗೆ ಗೊತ್ತಿತ್ತು, ಆದರೆ ಏನು ಬೇಕೆಂದು ನಾನು ಬಿಡಿಸಿ ಹೇಳದಿದ್ದರೆ ಅವರಿಗಾದರೂ ಹೇಗೆ ತಿಳಿಯಬೇಕು? ಆದ್ದರಿಂದ ವಾರದ ಕೆಲಸಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಯಾವುದನ್ನು ನಾನೇ ಮಾಡಬೇಕು, ಯಾವುದನ್ನು ಬೇರೆಯವರು ಮಾಡಿದರೂ ನಡೆಯುತ್ತದೆ ಎಂದು ಗುರುತು ಹಾಕಿಕೊಂಡೆ.

ಥೆರಪಿಗೆಂದು ಹುಬ್ಬಳ್ಳಿಗೆ ಹೋಗುವ ದಿನ ಶಾಲೆ ಬಿಟ್ಟು ಬರುವ ಮಗಳಿಗೆ ಊಟ ಹಾಕಿ ಕೂರಿಸಿಕೊಳ್ಳುವ ಕೆಲಸ ವೈನಿಯದಾಯಿತು, ಅಂದರೆ ಅತ್ತಿಗೆಯದು. ಕಠಿಣವಾದದ್ದು ಅತ್ತೆಯವರ ವಿಷಯ. “ಅವರಪ್ಪನೂ ತಡಾ ಮಾಡೇ ಮಾತಾಡ್ಯಾನ” ಎನ್ನುತ್ತಿದ್ದ ಅವರೊಂದಿಗೆ ವಾದಕ್ಕಿಳಿಯದೆ, ಥೆರಪಿಸ್ಟ್ ಹೇಳಿಕೊಟ್ಟ ಒಂದೇ ಒಂದು ಅಭ್ಯಾಸವನ್ನು ಒಪ್ಪಿಸಿದೆ: ನೀರು ಕೊಡುವಾಗ ಲೋಟವನ್ನು ಮುಖದ ಮುಂದೆ ಹಿಡಿದು, ಅವನು ತಮ್ಮತ್ತ ನೋಡುವವರೆಗೆ ಅಥವಾ ಕೈ ಚಾಚುವವರೆಗೆ, ಮನಸ್ಸಿನಲ್ಲೇ ಐದು ಎಣಿಸುತ್ತ ಕಾಯಬೇಕು. ಅವರು ಹೆಬ್ಬೆರಳಿನಿಂದ ಬೆರಳ ಗೆರೆಗಳನ್ನು ಮುಟ್ಟಿ ಎಣಿಸುತ್ತಿದ್ದರು. ಈಗ ಯಾರಾದರೂ ಅವಸರದಿಂದ ಲೋಟ ಕೊಡಲು ಹೋದರೆ “ತಡೀರಿ, ಅಂವನ ಕೇಳ್ತಾನ” ಎಂದು ಗದರಿಸುವವರೂ ಅವರೇ. ಆಟಿಸಂ ಎಂಬುದನ್ನು ಅವರು ಇಂದಿಗೂ ಪೂರ್ತಿ ಒಪ್ಪಿಲ್ಲ. ಅದರಿಂದ ನಮ್ಮ ಕೆಲಸವೇನೂ ನಿಂತಿಲ್ಲ.

ಕಾಗದಪತ್ರಗಳ ಹೊಣೆಯನ್ನು ನಿವೃತ್ತ ಗುಮಾಸ್ತರಾದ ಕಾಕಾ ಅವರಿಗೆ ಕೊಟ್ಟೆ, ಅವರಿಗದು ಇಷ್ಟದ ಕೆಲಸವೂ ಹೌದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆಯೆಂಬುದನ್ನೂ, ಹಲವು ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಕನಿಷ್ಠ ಶೇ. 40 ವೈಕಲ್ಯ ಇರಬೇಕೆಂಬುದನ್ನೂ ಮೊದಲು ಓದಿ ಹೇಳಿದವರು ಅವರೇ. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ) ಬಂದ ನಂತರ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿದರು. ಮಿತಿಯೊಳಗೆ ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ. ಯಾವ ಮೇಜಿನ ಮುಂದೆ ನಿಲ್ಲಬೇಕೆಂಬುದು ಮಾತ್ರ ಕಾಗದದಲ್ಲಿ ಇರುವುದಿಲ್ಲ. ಅದನ್ನು ಹೇಳಿಕೊಡುವವರು ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಯಲ್ಲಾದರೆ ಇವರನ್ನು ವಿಆರ್‌ಡಬ್ಲ್ಯೂ ಎನ್ನುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ.

ಒಂದು ಶಾಲೆಯವರು “ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ” ಎಂದು ಕಳಿಸಿದರು. ಇನ್ನೊಂದು ಶಾಲೆಗೆ ಹೋಗುವ ಮುನ್ನ ಶಿಕ್ಷಣ ಇಲಾಖೆಯಲ್ಲಿ ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರನ್ನು ಕಂಡು ಮಾತಾಡಿದೆ, ಅಕ್ಕೋರಿಗೆ (ಶಿಕ್ಷಕಿಗೆ) ಕೊಡಲು ಒಂದು ಪುಟವನ್ನೂ ಬರೆದೊಯ್ದೆ. ಅದರಲ್ಲಿ ರೋಗಲಕ್ಷಣಗಳ ಪಟ್ಟಿ ಇರಲಿಲ್ಲ. ಗಂಟೆ ಬಾರಿಸುವ ಮೊದಲು ಅವನಿಗೆ ಹೇಳಿದರೆ ಕಿವಿ ಮುಚ್ಚಿ ಅಳುವುದಿಲ್ಲ, ಎರಡು ಕೆಲಸಗಳನ್ನು ಒಟ್ಟಿಗೆ ಹೇಳಬೇಡಿ, ಶೌಚಕ್ಕೆ ಹೋಗಬೇಕಾದಾಗ ಅಂಗಿಯ ತುದಿ ಎಳೆಯುತ್ತಾನೆ ಎಂಬಂಥ ಮಾತುಗಳಿದ್ದವು.

ಇಷ್ಟೆಲ್ಲ ಇದ್ದರೂ ನನಗೆ ಹೆಚ್ಚು ಬಲ ಬಂದದ್ದು ಥೆರಪಿ ಕೋಣೆಯ ಹೊರಗಿನ ಬೆಂಚಿನಿಂದ. ಅಲ್ಲಿ ಕೂರುವ ತಾಯಂದಿರಿಗೆ ಯಾವುದನ್ನೂ ಮೊದಲಿನಿಂದ ವಿವರಿಸಬೇಕಾಗಿರಲಿಲ್ಲ. ತಂದೆಯರು ಬಂದರೂ ಫೋನ್ ಹಿಡಿದು ಹೊರಗೆ ನಿಲ್ಲುವುದೇ ಹೆಚ್ಚು. ಮುಂದೆ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರತೊಡಗಿದಾಗ ಒಂದೇ ನಿಯಮ ಮಾಡಿಕೊಂಡೆವು: ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆ ಎನ್ನುವವರ ಚೀಟಿ, ಪುಡಿ, ವಿಳಾಸಗಳನ್ನು ಅಲ್ಲಿಗೆ ತರಕೂಡದು. ಇದರಿಂದ ಒಂದಿಬ್ಬರಿಗೆ ಬೇಸರವಾಯಿತು, ಆದರೂ ಸಡಿಲಿಸಲಿಲ್ಲ.

ನಮ್ಮ ಗುಂಪಿನಲ್ಲಿ ಅಣ್ಣಿಗೇರಿಯಿಂದ ರೈಲು ಹತ್ತುವ ಒಬ್ಬ ಅಕ್ಕನ ಮಗ ನನ್ನ ಮಗನಿಗಿಂತ ಬಹಳ ದೊಡ್ಡವನು. 18 ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕಲು ತಾಯಿ ಎಂಬುದಷ್ಟೇ ಸಾಲದೆಂದೂ, 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದೆ ಪಾಲಕತ್ವಕ್ಕೆ ಅರ್ಜಿ ಸಲ್ಲಿಸಬೇಕೆಂದೂ ನಾನು ತಿಳಿದದ್ದು ಅವರಿಂದ. ನಮಗೆ ಆ ಕಾಲ ಇನ್ನೂ ದೂರವಿದೆ. ಆದರೂ ಕಾಕಾ ಈಗಲೇ ಅದಕ್ಕೆಂದು ಬೇರೊಂದು ಫೈಲು ತೆರೆದು, ಎಲ್ಲ ವರದಿಗಳ ಝೆರಾಕ್ಸ್ ಪ್ರತಿಗಳನ್ನು ತೆಗೆದಿಡುತ್ತಿದ್ದಾರೆ.