ಮೊದಲು ಕಸದ ಡಬ್ಬಿ ನೋಡಿ
ಸಿಂಧನೂರು, ಮಾನ್ವಿ ಕಡೆ ಹೊಸ ಕ್ಲಿನಿಕ್ಕಿಗೆ ಹೋದರೆ, ಗೋಡೆಯ ಪದವಿ ಪತ್ರಗಳಿಗಿಂತ ಮೊದಲು ಇಂಜೆಕ್ಷನ್ ಕೊಡುವ ಮೇಜಿನ ಬಳಿಯ ಕಸದ ಡಬ್ಬಿ ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಳಸಿದ ಸೂಜಿ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ ಬೀಳಬೇಕು. ಕಸದಲ್ಲೂ ಅಚ್ಚುಕಟ್ಟಾಗಿರುವವರು ಸೂಜಿಯ ಪೊಟ್ಟಣವನ್ನೂ ನಮ್ಮೆದುರೇ ಬಿಚ್ಚುತ್ತಾರೆ ಎಂಬುದು ನನ್ನ ಲೆಕ್ಕ. ಎಲ್ಲವೂ ಚಹಾ ಲೋಟಗಳ ಜೊತೆ ಒಂದೇ ಬಕೆಟ್ಟಿನಲ್ಲಿದ್ದರೆ ನಾನಂತೂ ಎದ್ದು ಬರುತ್ತೇನೆ. ಆದರೆ ಇದರಿಂದ ವೈದ್ಯರ ಕೈಗುಣ ತಿಳಿಯದು. ಬರೀ ಮಾತ್ರೆ ಬರೆದುಕೊಡುವ ಕಡೆ ಸೂಜಿಯೇ ಇರುವುದಿಲ್ಲ. ಅಲ್ಲಿ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಹಾವು ಕಡಿತ, ಎದೆನೋವು ಎಂದಾಗ ಡಬ್ಬಿ ನೋಡುತ್ತಾ ನಿಲ್ಲಬೇಡಿ, 108ಕ್ಕೆ ಕರೆ ಮಾಡಿ.