ರಾಯಚೂರಿನಲ್ಲಿ ಮಲೆನಾಡಿನ ಹಿತ್ತಲು: ನನ್ನ ಅನುಭವ

ಸಾಲಾಗಿ ಎರಡು ಮೂರು ಬೇಸಿಗೆ ದಾಟುವವರೆಗೆ ಇದನ್ನು ಬರೆಯಬಾರದು ಎಂದು ತೀರ್ಮಾನಿಸಿದ್ದೆ. ಒಂದು ವರ್ಷ ಗಿಡ ಉಳಿದರೆ ಅದೃಷ್ಟ ಎನ್ನುತ್ತಾರೆ. ಮರುವರ್ಷವೂ ಉಳಿದರೆ ‘ನಿಮ್ಮ ಜಾಗವೇ ತಂಪು ಬಿಡಿ’ ಎನ್ನುತ್ತಾರೆ. ನಮ್ಮ ಜಾಗ ತಂಪಲ್ಲ. ಪಡುವಣಕ್ಕೆ ಖಾಲಿ ನಿವೇಶನ, ಅರ್ಧ ನೆಲಕ್ಕೆ ಶಹಾಬಾದ್ ಪರಸಿ, ಉಳಿದರ್ಧ ಎರೆ ಮಣ್ಣು. ಮೇ ತಿಂಗಳಲ್ಲಿ ರಾತ್ರಿ ಊಟವಾದ ಮೇಲೂ ಕಾಂಪೌಂಡ್ ಗೋಡೆಗೆ ಅಂಗೈ ಇಟ್ಟು ನಿಲ್ಲಲಾಗದು. ಈಗ ಅದೇ ಹಿತ್ತಲಿನಲ್ಲಿ ಬಾಳೆ, ಹೆಲಿಕೋನಿಯಾ, ಕೆಸು, ಫರ್ನ್ ಇವೆ. ಬೇವಿನ ಬೊಡ್ಡೆ ಕಾಣದಂತೆ ಮನಿ ಪ್ಲಾಂಟ್ ಹಬ್ಬಿದೆ. ಮದುವೆ ಗೊತ್ತಾದ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳಲು ಕೇಳಿಕೊಂಡು ಬರುತ್ತಿದ್ದಾರೆ. ಹಣ ತೆಗೆದುಕೊಳ್ಳುವುದಿಲ್ಲ, ಒಂದು ಚೀಲ ಕುರಿ ಗೊಬ್ಬರ ತರಬೇಕು ಎಂಬುದು ಕರಾರು. ಸೂಟು ಹಾಕಿಕೊಂಡು ಗೊಬ್ಬರದ ಚೀಲ ಇಳಿಸಿದ ಮದುಮಗನ ಫೋಟೋ ನನ್ನ ಬಳಿಯೂ ಇದೆ.

ನನ್ನ ಕಸುಬು ಮೋಟಾರ್ ರಿವೈಂಡಿಂಗ್ ಮತ್ತು ಕೂಲರ್ ರಿಪೇರಿ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಈ ಭಾಗದಲ್ಲಿ ಕೈತೋಟ ಮಾಡಿ ಸೋತವರೆಲ್ಲ ಬಿಸಿಲನ್ನು ಬೈಯುತ್ತಾರೆ. ಹಸಿರು ನೆಟ್ ಕಟ್ಟುತ್ತಾರೆ, ನೂರಕ್ಕೆ ಐವತ್ತು ಪಾಲು ಬಿಸಿಲು ತಡೆಯುವುದು ಸಾಲದೆಂದು ಎಪ್ಪತ್ತೈದರದು ತರುತ್ತಾರೆ, ಎರಡು ಹೊತ್ತು ನೀರು ಬಿಡುತ್ತಾರೆ. ಆದರೂ ನೆರಳಿನಲ್ಲಿಯೇ ಎಲೆಯ ಅಂಚು ಕಂದಿ, ಸುರುಟಿ, ಹಪ್ಪಳವಾಗುತ್ತದೆ. ನೆರಳಿನಲ್ಲಿದ್ದ ಎಲೆ ಸುಟ್ಟದ್ದು ಬಿಸಿಲಿನಿಂದ ಹೇಗಾದೀತು? ಬೇರು ಎಷ್ಟು ನೀರು ಎಳೆದರೂ ಅದಕ್ಕಿಂತ ಬೇಗ ಎಲೆಯಿಂದ ಹೀರಿಕೊಂಡು ಹೋಗುವ ಒಣ ಗಾಳಿ ಮೊದಲನೆಯ ವೈರಿ. ಬೋರಿನ ಸವಳು ನೀರು ಎರಡನೆಯದು. ಬಿಸಿಲಿಗೆ ನಾನು ಮೂರನೆಯ ಸ್ಥಾನ ಕೊಡುತ್ತೇನೆ.

ಈ ಮಾತು ದುಡ್ಡು ಕೊಟ್ಟು ಕಲಿತದ್ದು. ಶುರುವಿನಲ್ಲಿ ಶಿರಸಿ ಕಡೆಯಿಂದ ಆಂಥೂರಿಯಂ, ಕಲಾಥಿಯಾ, ನಾಲ್ಕಾರು ಬಗೆಯ ಫರ್ನ್ ತರಿಸಿದೆ. ಗಿಡ, ಪ್ಯಾಕಿಂಗ್, ಬಸ್ಸಿನ ಲಗೇಜು ಸೇರಿ ಆರೇಳು ಸಾವಿರ ಹೋಯಿತು. ಯುಗಾದಿಯವರೆಗೆ ನಳನಳಿಸುತ್ತಿದ್ದವು, ಬಸವ ಜಯಂತಿಯ ಹೊತ್ತಿಗೆ ಕುಂಡಗಳು ಮಾತ್ರ ಉಳಿದವು. ಮುಂದಿನ ಸಲ ಆಂಧ್ರದ ಕಡಿಯಂ ಕಡೆಯ ಮಾಲು, ಅರೆಕಾ ಪಾಮ್ ಮತ್ತು ಡ್ರಸೀನಾ. ಗಟ್ಟಿ ಗಿಡ ಎಂದು ಹೇಳಿ ಕೊಟ್ಟರು. ಗಿಡದಲ್ಲಿ ದೋಷವಿರಲಿಲ್ಲ, ಗೋದಾವರಿ ಸೀಮೆಯ ತೇವದ ಗಾಳಿಯಲ್ಲಿ ಬೆಳೆದದ್ದು ಇಲ್ಲಿಯ ಏಪ್ರಿಲ್‌ಗೆ ಏನು ಮಾಡೀತು? ಅದರಲ್ಲಿ ಮತ್ತೆ ನಾಲ್ಕೈದು ಸಾವಿರ. ನೆಟ್ಟು, ಗಳ, ಕಟ್ಟುವ ತಂತಿ ಎಲ್ಲ ಬೇರೆ. ಮೇ ತಿಂಗಳ ಒಂದು ಗಾಳಿಮಳೆಗೆ ನೆಟ್ಟು ಹರಿದು ಹೋಗಿ ಪಕ್ಕದ ಓಣಿಯ ವಿದ್ಯುತ್ ಕಂಬಕ್ಕೆ ಸುತ್ತಿಕೊಂಡಿತ್ತು. ಅದನ್ನು ಇಳಿಸಿಕೊಟ್ಟವನು ನನ್ನದೇ ಅಂಗಡಿಯ ಹುಡುಗ. ‘ಮಾಮಾ, ಮಲೆನಾಡು ನೋಡಬೇಕೆಂದರೆ ಶಿರಸಿ ಬಸ್ಸು ಹತ್ತಿ. ಇಲ್ಲಿ ಬಳ್ಳಾರಿ ಜಾಲಿ ಒಂದನ್ನು ಹಚ್ಚಿ, ನೀರೂ ಬೇಡ ನೆಟ್ಟೂ ಬೇಡ’ ಎಂದ. ಅವನ ಮದುವೆಯ ಫೋಟೋ ಎಲ್ಲಿ ತೆಗೆದದ್ದು ಎಂದು ಈಗ ಕೇಳಿ ನೋಡಿ.

ದಾರಿ ಸಿಕ್ಕಿದ್ದು ಅಂಗಡಿಯಲ್ಲಿಯೇ. ರಿಪೇರಿ ಮಾಡಿದ ಕೂಲರ್‌ಗಳನ್ನು ಹೊರಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಓಡಿಸಿ ನೋಡುತ್ತೇವೆ. ಅವುಗಳ ಗಾಳಿ ಬಡಿಯುವ ಮೂಲೆಯಲ್ಲಿ ಒಂದು ಡಬ್ಬಿಯೊಳಗೆ ಯಾರೋ ಬಿಟ್ಟುಹೋದ ಸಿಂಗೋನಿಯಂ ಇತ್ತು. ಎದುರಿನ ಅಂಗಡಿಯ ದಾಸವಾಳ ಬಾಡಿ ಜೋತುಬಿದ್ದ ದಿನಗಳಲ್ಲಿ ಅದು ಹೊಸ ಎಲೆ ಬಿಡುತ್ತಿತ್ತು. ಹಾಗಾದರೆ ಹಿತ್ತಲಿಗೇ ಒಂದು ಕೂಲರ್ ಕಟ್ಟಿದರೆ ಹೇಗೆ? ಒದ್ದೆ ಪ್ಯಾಡಿನ ಮೂಲಕ ಗಾಳಿ ಹಾಯಿಸಿ ತಂಪು ಮಾಡುವ ಫ್ಯಾನಿನ ಕೆಲಸವನ್ನು ಪಡುವಣ ಗಾಳಿಯೇ ಪುಕ್ಕಟೆ ಮಾಡುತ್ತದೆ.

ಕಾಂಪೌಂಡ್ ಗೋಡೆಯ ಮೇಲ್ಭಾಗ ಇಳಿಸಿ ಮೂರು ಅಡಿ ಉಳಿಸಿದೆ. ಅದರ ಮೇಲೆ ಕಬ್ಬಿಣದ ಆಂಗಲ್ ಚೌಕಟ್ಟು, ಸುಮಾರು ಹದಿನಾಲ್ಕು ಅಡಿ ಉದ್ದ, ನಾಲ್ಕು ಅಡಿ ಎತ್ತರ. ಒಳಗೆ ಗ್ರಾಹಕರು ಬದಲಾಯಿಸಿ ಬಿಟ್ಟುಹೋದ, ಜೇನುಗೂಡಿನಂತೆ ತೂತುಗಳಿರುವ ಹನಿಕೋಂಬ್ ಪ್ಯಾಡ್‌ಗಳನ್ನು ಜೋಡಿಸಿದೆ. ಹುಲ್ಲಿನ ಪ್ಯಾಡ್ ಬೇಡ. ನೀರು ಕುಡಿದು ಕುಸಿಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಲಾವಂಚದ್ದು ಪರಿಮಳಕ್ಕೆ ಚೆನ್ನ, ಜೇಬಿಗೆ ಚೆನ್ನವಲ್ಲ. ಮೇಲೆ ತೂತು ಕೊರೆದ ಅರ್ಧ ಇಂಚಿನ ಪೈಪು, ಕೆಳಗೆ ಉದ್ದಕ್ಕೆ ಸೀಳಿದ ನಾಲ್ಕಿಂಚಿನ ಪೈಪಿನ ದೋಣಿ, ದೋಣಿಯ ಕೊನೆಗೆ ನೂರು ಲೀಟರಿನ ಡ್ರಮ್ಮು, ಡ್ರಮ್ಮಿನಲ್ಲಿ ನಲವತ್ತು ವಾಟಿನ ಕೂಲರ್ ಪಂಪು. ತೂತುಗಳ ಅಂತರ ಎಷ್ಟು, ಯಾವ ಕೋನಕ್ಕೆ ಕೊರೆದರೆ ಕಡೆಯ ಪ್ಯಾಡ್‌ವರೆಗೆ ಸಮನಾಗಿ ನೀರು ಇಳಿಯುತ್ತದೆ ಎಂಬುದನ್ನು ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮುನ್ನೂರು ರೂಪಾಯಿಯ ಡಿಜಿಟಲ್ ಮೀಟರ್ ಹಿಡಿದು ನೋಡಿದ ಲೆಕ್ಕ ಹೇಳುತ್ತೇನೆ. ಹೊರಗೆ ನೆರಳಿನಲ್ಲಿ 42 ಡಿಗ್ರಿ, ತೇವಾಂಶ 20ಕ್ಕಿಂತ ಕಡಿಮೆ ಇರುವ ಮಧ್ಯಾಹ್ನ ಪ್ಯಾಡಿನ ಹಿಂದೆ ಎರಡಡಿಗೆ 33-34 ಡಿಗ್ರಿ. ಆರೇಳು ಅಡಿಗೆ 37, ತೇವಾಂಶ 30ರ ಮೇಲೆ. ಹನ್ನೆರಡು ಅಡಿ ದಾಟಿದರೆ ಏನೂ ಇಲ್ಲ. ಹಾಗಾಗಿ ಫರ್ನ್ ಮತ್ತು ಅಗ್ಲೋನಿಮಾ ಮೊದಲ ಸಾಲಿಗೆ, ಅದರಾಚೆ ಬಾಳೆ. ಒಂದು ಬಾಳೆಯ ಗುಂಪು ಬೇರು ಬಿಟ್ಟರೆ ಅದೇ ಇನ್ನೊಂದು ಪ್ಯಾಡಿನ ಕೆಲಸ ಮಾಡುತ್ತದೆ, ಎಲೆಯಿಂದ ಅಷ್ಟು ತೇವ ಬಿಡುತ್ತದೆ. ಗಾಳಿ ಬೀಸದೆ ಉಬ್ಬೆ ಹಾಕಿದ ದಿನ ಹಳೆಯ ಕೂಲರಿನ ಫ್ಯಾನ್ ತಿರುಗಿಸುತ್ತೇನೆ. ಜೂನ್ ಮುಗಿಯುವ ಹೊತ್ತಿಗೆ ಗಾಳಿಯಲ್ಲಿಯೇ ತೇವವಿರುವುದರಿಂದ ಪ್ಯಾಡ್ ತಂಪು ಕೊಡುವುದಿಲ್ಲ. ಮಳೆಗಾಲದಲ್ಲಿ ಮನೆಯ ಕೂಲರ್ ಯಾಕೆ ಸೆಕೆ ಹೆಚ್ಚಿಸುತ್ತದೆ ಎಂದು ಗ್ರಾಹಕರು ನನ್ನೊಡನೆ ಜಗಳವಾಡುವುದು ಇದಕ್ಕೇ. ಆಗ ಎಲ್ಲ ಬಿಚ್ಚಿ, ಒಣಗಿಸಿ, ಅಟ್ಟಕ್ಕೇರಿಸುತ್ತೇನೆ.

ಪಂಪು ಹನ್ನೊಂದರಿಂದ ಐದು ಐದೂವರೆವರೆಗೆ ಓಡುತ್ತದೆ. ಕರೆಂಟು ತಿಂಗಳಿಗೆ ಏಳೆಂಟು ಯೂನಿಟ್, ಗೃಹಜ್ಯೋತಿಯ ಮಿತಿಯೊಳಗೆ ಎಲ್ಲಿ ಕರಗುತ್ತದೋ ಗೊತ್ತಾಗುವುದಿಲ್ಲ. ನೀರು ಮಾತ್ರ ದಿನಕ್ಕೆ ಏಳೆಂಟು ಕೊಡ ಬೇಕು. ಆ ನೀರಿನ ಕಥೆಯೇ ಬೇರೆ.

ಪ್ಯಾಡಿಗೆ ಬೋರಿನ ನೀರು ಸಾಕು, ಗಿಡಕ್ಕೆ ಬೇಡವೇ ಬೇಡ. ನಮ್ಮ ಬೋರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಉಪ್ಪಿನಂಶದ ಅಳತೆ, ಹನ್ನೆರಡು ನೂರರ ಮೇಲಿದೆ. ಡ್ರಮ್ಮಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಸಂಜೆಗೆ ಅದೇ ನೀರು ಮೂರು ಸಾವಿರ ದಾಟಿರುತ್ತದೆ. ಅದು ಚರಂಡಿಗೆ. ನೀರು ವ್ಯರ್ಥವಾಗುತ್ತದೆ ಎಂದು ನಮ್ಮ ತಂಗಿಯ ಮಗ ಒಮ್ಮೆ ಹೆಲಿಕೋನಿಯಾ ಬುಡಕ್ಕೆ ಸುರಿದ. ವಾರದೊಳಗೆ ಎಲೆಯ ಸುತ್ತ ಬೆರಳಗಲ ಕಂದು ಅಂಚು ಬಂದಿತ್ತು, ಇಸ್ತ್ರಿ ಪೆಟ್ಟಿಗೆ ತಗುಲಿದ ಬಟ್ಟೆಯ ಹಾಗೆ. ನಿಲ್ಲಿಸುವ ಮೊದಲು ಹತ್ತು ನಿಮಿಷ ನಳದ ನೀರನ್ನು ಪ್ಯಾಡಿನ ಮೇಲೆ ಬಿಟ್ಟರೆ ಬಿಳಿ ಹಕ್ಕಳೆ ಕಟ್ಟುವುದು ಕಡಿಮೆಯಾಗುತ್ತದೆ. ಸೊಳ್ಳೆ ಬರಬಾರದೆಂದರೆ ಡ್ರಮ್ಮನ್ನು ರಾತ್ರಿ ಖಾಲಿಯೇ ಇಡಬೇಕು. ಪಾಚಿ ಮತ್ತು ವಾಸನೆಗೆ ನಾನು ಹಾಕುವುದು ಒಂದಿದೆ, ಕಿರಾಣಿ ಅಂಗಡಿಯಲ್ಲಿಯೇ ಸಿಗುತ್ತದೆ. ಕೂಲರ್ ಸರ್ವೀಸಿಗೆ ಕರೆದವರ ಮನೆಯಲ್ಲಿ ಹಾಕಿ ತೋರಿಸುತ್ತೇನೆ.

ಗಿಡಗಳಿಗೆ ನಳದ ನೀರು. ಬಂದ ದಿನ ಸಿಂಟೆಕ್ಸ್ ತುಂಬಿಸಿ ಇಟ್ಟುಕೊಳ್ಳುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಇರುವುದು ನಮಗೆಲ್ಲ ಗೊತ್ತು. ನಮ್ಮ ಹಲ್ಲಿನ ಮೇಲೆ ಕಾಣುವುದು ಡ್ರಸೀನಾ ಮತ್ತು ಸ್ಪೈಡರ್ ಪ್ಲಾಂಟಿನಲ್ಲಿ ಎಲೆಯ ತುದಿಯ ಮೇಲೆ ಕಾಣುತ್ತದೆ. ಅವುಗಳಿಗೆ ಸೂಪರ್ ಫಾಸ್ಫೇಟ್ ಗೊಬ್ಬರವನ್ನೂ ಹಾಕಬೇಡಿ, ಅದರಲ್ಲಿಯೂ ಫ್ಲೋರೈಡ್ ಅಂಶವಿದೆ. ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾದರೆ ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಬುಡಕ್ಕೆ ಹಾಕಿದರೆ ಎರೆ ಮಣ್ಣಿನ ಸುಣ್ಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡಡಿ ಎರೆ ತೆಗೆಸಿ ಮಸಾರಿ (ಕೆಂಪು ಮಣ್ಣು) ತುಂಬಿಸಿದೆ, ಟ್ರ್ಯಾಕ್ಟರಿಗೆ ಸುಮಾರು ಎರಡು ಸಾವಿರ ಕೊಟ್ಟ ನೆನಪು. ಅದಕ್ಕೆ ಕುರಿ ಗೊಬ್ಬರ ಮತ್ತು ರೈಸ್ ಮಿಲ್ಲಿನ ಅರೆಸುಟ್ಟ ಹೊಟ್ಟು. ಕಪ್ಪಗಿರುವುದನ್ನು ಮಾತ್ರ ತನ್ನಿ. ಬೆಳ್ಳಗೆ ಬೂದಿಯಾದದ್ದು ಕ್ಷಾರ, ಗಿಡ ಹಳದಿಗೆ ತಿರುಗುತ್ತದೆ.

ಇನ್ನು ಬೇವಿನ ಮರ. ಹಿತ್ತಲಿನಲ್ಲಿ ಬೇವಿದ್ದರೆ ನೆಟ್ಟಿಗೆ ದುಡ್ಡು ಹಾಕಬೇಡಿ. ಆದರೆ ಅದು ಫೆಬ್ರುವರಿ ಕೊನೆಗೆ ಎಲೆ ಉದುರಿಸಲು ಶುರುಮಾಡಿ ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುತ್ತದೆ. ನಡುವಿನ ಮೂರ್ನಾಲ್ಕು ವಾರ ಕೆಳಗಿನ ಗಿಡಗಳ ತಲೆಯ ಮೇಲೆ ನೆರಳಿಲ್ಲ. ವರ್ಷವೆಲ್ಲ ನೆರಳುಂಡು ಮೆತ್ತಗಾದ ಎಲೆಯ ಮೇಲೆ ಒಮ್ಮೆಲೇ ಬಿಸಿಲು ಬಿದ್ದರೆ ನಡುಭಾಗದಲ್ಲಿ ಬೂದು ಮಚ್ಚೆ ಬೀಳುತ್ತದೆ. ಏಪ್ರಿಲ್‌ಗೆ ಅಂಜಿ ತಯಾರಿ ಮಾಡಿಕೊಂಡವರು ಮಾರ್ಚಿನಲ್ಲಿ ಕಳೆದುಕೊಳ್ಳುವುದು ಹೀಗೆ. ನಾನು ಆ ಕೆಲವು ವಾರಕ್ಕಷ್ಟೇ ಹಳೆಯ ಸೀರೆಗಳನ್ನು ಕಟ್ಟುತ್ತೇನೆ. ನಮ್ಮ ಮನೆಯವರು ತವರಿನ ಸೀರೆಗಳನ್ನು ಈಗ ಬೀಗ ಹಾಕಿಡುತ್ತಾರೆ.

ಗಿಡಗಳ ಆಯ್ಕೆಯಲ್ಲಿ ನನ್ನದು ಒಂದೇ ನಿಯಮ: ಮಲೆನಾಡಿನ ಗಿಡ ಬೇಡ, ಮಲೆನಾಡಿನಂತೆ ಕಾಣುವ ಗಿಡ ಸಾಕು. ದೊಡ್ಡ ಎಲೆಗೆ ಬಾಳೆ, ಅದರ ಮರಿಗಂದು ಆನೆಗೊಂದಿ ಕಡೆಯ ನೆಂಟರ ತೋಟದ್ದು. ನೆಲ ಮುಚ್ಚಲು ಬಚ್ಚಲ ನೀರು ಹರಿಯುವಲ್ಲಿ ಕೆಸು. ಹೆಲಿಕೋನಿಯಾ ಸಾಯುವಲ್ಲಿ ಕಾಬಾಳೆ. ಕತ್ತಿಯಂಥ ಎಲೆಗೆ ಕೇದಿಗೆ. ಅದು ಸವಳನ್ನೂ ಸಹಿಸುತ್ತದೆ, ಪ್ಯಾಡಿನ ಹಂಗೂ ಇಲ್ಲ. ತಾಳೆ ಜಾತಿಯದು ಬೇಕೆಂದರೆ ನಮ್ಮ ಹಳ್ಳದ ಈಚಲೇ ಸಾಕು, ಕೆಳಗಿನ ಗರಿ ಕತ್ತರಿಸಿ ಬೊಡ್ಡೆ ಕಾಣುವಂತೆ ಮಾಡಿದರೆ ಹೊರಗಿನಿಂದ ಬಂದವರು ಎಲ್ಲಿಂದ ತರಿಸಿದಿರಿ ಎಂದು ಕೇಳುತ್ತಾರೆ. ಫರ್ನ್‌ಗಳಲ್ಲಿ ಬೋಸ್ಟನ್ ಒಂದೇ ನನ್ನಲ್ಲಿ ಉಳಿದದ್ದು.

ಎಲ್ಲಕ್ಕಿಂತ ಮನಿ ಪ್ಲಾಂಟ್. ಬಾಟಲಿಯಲ್ಲಿ, ಕುಂಡದಲ್ಲಿ ಜೋತುಬಿಟ್ಟರೆ ಅದರ ಎಲೆ ಅಂಗೈಯಗಲ ದಾಟುವುದಿಲ್ಲ. ಮರಕ್ಕೆ ಹತ್ತಿಸಬೇಕು. ಬೇವಿನ ಬೊಡ್ಡೆಗೆ ಗೋಣಿತಾಟು ಸುತ್ತಿ, ಬಳ್ಳಿಯ ಪ್ರತಿ ಗೆಣ್ಣೂ ತಾಟಿಗೆ ತಾಗುವಂತೆ ಕಟ್ಟಿ, ತಾಟನ್ನು ಒದ್ದೆಯಾಗಿಟ್ಟೆ. ಗೆಣ್ಣಿನಿಂದ ಹೊರಟ ಬೇರು ತಾಟನ್ನು ತೂರಿ ತೊಗಟೆಗೆ ಅಂಟಿಕೊಂಡ ಮೇಲೆ ಎಲೆಯ ಗಾತ್ರ ಏರುತ್ತ ಹೋಯಿತು. ಆಳೆತ್ತರದಲ್ಲಿ ಊಟದ ತಟ್ಟೆಯಷ್ಟು, ಮೇಲೆ ಕೊಂಬೆ ಕವಲೊಡೆಯುವಲ್ಲಿ ಒಂದೂವರೆ ಅಡಿ ಉದ್ದ. ಅಲ್ಲಿಯ ಎಲೆಗಳ ಅಂಚು ತಾನಾಗಿ ಸೀಳಿಕೊಂಡಿದೆ. ಇದು ಮನಿ ಪ್ಲಾಂಟ್ ಎಂದರೆ ಯಾರೂ ನಂಬುವುದಿಲ್ಲ, ಮಾನ್‌ಸ್ಟೆರಾ ಎಂದೇ ಫೋಟೋಕ್ಕೆ ಹೆಸರು ಬರೆದುಕೊಳ್ಳುತ್ತಾರೆ. ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ಅಡ್ಡ ಪ್ರಯೋಗಗಳು ಹಲವು. ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ನಳಿಕೆಗಳನ್ನು ಬೋರಿನ ನೀರಿಗೆ ಜೋಡಿಸಿದೆ. ಕೆಲವೇ ದಿನಗಳಲ್ಲಿ ಸುಣ್ಣ ಕಟ್ಟಿ ಬಾಯಿ ಮುಚ್ಚಿದವು, ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಬೇರೆ. ಎರಡೂವರೆ ಸಾವಿರ ಅಲ್ಲಿ ಹೋಯಿತು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಫರ್ನ್‌ಗೆ ಅಮೃತ ಎಂದು ಕೊಡ ಇಟ್ಟೆ. ನೀರು ಬೇಕಾದ ಏಪ್ರಿಲ್‌ನಲ್ಲಿ ಗಾಳಿಯೇ ಒಣಗಿರುವಾಗ ದಿನಕ್ಕೆ ಒಂದೆರಡು ಚೊಂಬು. ಬೇಡವಾದ ಜುಲೈನಲ್ಲಿ ಕೊಡ ತುಂಬಿ ಹರಿಯುತ್ತದೆ. ಮೆಣಸಿನ ಬಳ್ಳಿಯನ್ನೂ ಬೇವಿಗೆ ಹತ್ತಿಸಿದ್ದೇನೆ. ಈ ಸಲ ಒಂದು ಹಿಡಿ ಕಾಳು ಸಿಕ್ಕಿತು, ಸಾರಿಗೆ ಕುಟ್ಟಿ ಹಾಕಿದೆವು. ಘಾಟು ಇತ್ತು. ಪ್ರಯೋಗ ಮುಂದುವರಿದಿದೆ.

ಒಟ್ಟು ಖರ್ಚು ಕೇಳುವವರಿಗೆ: ಸತ್ತ ಗಿಡಗಳು, ನೆಟ್ಟು, ಫಾಗರ್ ಸೇರಿ ಹದಿನೈದು ಸಾವಿರದ ಮೇಲೆ ಮಣ್ಣುಪಾಲು. ಕೆಲಸ ಮಾಡಿದ ವ್ಯವಸ್ಥೆಗೆ ಪ್ಯಾಡುಗಳು ಪುಕ್ಕಟೆ ಸಿಕ್ಕಿದ್ದರಿಂದ ಒಂಬತ್ತು ಹತ್ತು ಸಾವಿರ. ಹೊಸ ಪ್ಯಾಡ್ ಕೊಂಡರೆ ಇನ್ನೂ ಆರೇಳು ಸಾವಿರ ಸೇರಿಸಿಕೊಳ್ಳಿ. ಸವಳು ನೀರಿನಲ್ಲಿ ಎರಡು ಬೇಸಿಗೆಗಿಂತ ಹೆಚ್ಚು ಬಾಳುವುದಿಲ್ಲ.

ಗಿಡ ಹಚ್ಚುವುದು ಜುಲೈ-ಆಗಸ್ಟ್‌ನಲ್ಲಿ. ಬೇಸಿಗೆಗೆ ಮೊದಲು ಏಳೆಂಟು ತಿಂಗಳು ಬೇರು ಇಳಿಯಲು ಸಿಗಬೇಕು. ಮನಿ ಪ್ಲಾಂಟಿನ ಬಳ್ಳಿ ಮತ್ತು ಕೇದಿಗೆ ಮರಿ ಬೇಕಾದವರು ಆಗ ಬನ್ನಿ, ಕೊಡುತ್ತೇನೆ. ಏಪ್ರಿಲ್‌ನಲ್ಲಿ ಬಂದರೆ ಕೊಡುವುದಿಲ್ಲ. ಅದು ಕೂಲರ್ ಸೀಸನ್ನು, ಅಂಗಡಿ ಬಿಟ್ಟು ಬರಲು ನನಗೂ ಪುರುಸೊತ್ತಿರುವುದಿಲ್ಲ.